ಅವಿವಾಹಿತೆಗೆ ಹದಿನಾಲ್ಕು ದಿನ ಕಡಿಮೆ

ದಾಕ್ಷಾಯಿಣಿ ಬಡಿಗೇರ ಅವರ ಆಯುಷ್ಯದಿಂದ ಹದಿನಾಲ್ಕು ದಿನ ಕಳೆದವನು ನಾನು. 2041ರ ಜನವರಿಯ ಒಂದು ಬೆಳಿಗ್ಗೆ ಅವರು ನನ್ನ ಕೋಣೆಗೆ ಬಂದು, ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟು "ಇದು ಏನ್ರೀ?" ಎಂದು ಕೇಳುವವರೆಗೆ ಆ ಸಾಲಿನ ಬಗ್ಗೆ ನಾನು ಎರಡನೇ ಸಲ ಯೋಚಿಸಿರಲಿಲ್ಲ.

ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ನಾನು ಅಂಕಿಸಂಖ್ಯೆಯವನು. ಹೆಸರು ಮಹದೇವಪ್ರಸಾದ್, ಊರು ಕೊಳ್ಳೇಗಾಲದ ಕಡೆ. 'ಅವಧಿ' ಎಂಬ ಗಣಕ ನನ್ನ ಸುಪರ್ದಿಯಲ್ಲಿತ್ತು. ಜಠರದಲ್ಲಿ ಹುಟ್ಟಿ ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರಿನ ರೋಗಿಗಳಿಗೆಂದೇ ಮಾಡಿದ್ದು ಅದು. ವಯಸ್ಸೆಷ್ಟು, ಶ್ವಾಸಕೋಶದಲ್ಲಿ ಗಂಟುಗಳೆಷ್ಟು, ಯಕೃತ್ತಿಗೋ ಮೂಳೆಗೋ ತಗುಲಿದೆಯೇ, ಗಂಟಿನ ಕಣಗಳು ಎಷ್ಟು ವಿಕಾರಗೊಂಡಿವೆ, ಕಿಮೋ ತಡೆದುಕೊಳ್ಳುವ ತ್ರಾಣವಿದೆಯೇ ಎಂಬಂಥ ಇಪ್ಪತ್ತಾರು ಅಂಶಗಳನ್ನು ತುಂಬಿದರೆ, ಬರೀ ಕಿಮೋ ಕೊಟ್ಟಲ್ಲಿ ರೋಗಿ ಇನ್ನೆಷ್ಟು ದಿನ ಬದುಕಿಯಾರು ಎಂದು ಒಂದು ಸಂಖ್ಯೆ ಹೇಳುತ್ತಿತ್ತು. ಹತ್ತರಲ್ಲಿ ಎಂಟು ಸಲ ಅದರ ಮಾತು ಹೆಚ್ಚುಕಡಿಮೆ ನಿಜವಾಗುತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಆ ಸಂಖ್ಯೆಗೆ ಇಷ್ಟು ತೂಕ ಬಂದದ್ದು ಕಾವುಗೂಡುಗಳಿಂದ. ರೋಗಿಯ ರಕ್ತದಿಂದಲೇ ಕಾವಲು ಕಣಗಳನ್ನು ತೆಗೆದು, ಗಂಟಿನ ಗುರುತು ಹಿಡಿಯುವುದನ್ನು ಅವಕ್ಕೆ ಕಲಿಸಿ, ಬೆಚ್ಚಗಿನ ಉಕ್ಕಿನ ಪೆಟ್ಟಿಗೆಯೊಂದರಲ್ಲಿ ಕೋಟಿಗಟ್ಟಲೆ ಬೆಳೆಸಿ ಮತ್ತೆ ಅದೇ ರೋಗಿಗೆ ಹರಿಸುವ ಚಿಕಿತ್ಸೆ ಆಗತಾನೇ ಶುರುವಾಗಿತ್ತು. ಹನ್ನೊಂದು ಜಿಲ್ಲೆಗಳಿಗೆ ನಮ್ಮಲ್ಲಿದ್ದ ಕಾವುಗೂಡು ನಾಲ್ಕು. ಕಣಗಳು ಬೆಳೆಯಲು ನಲವತ್ತೆರಡು ದಿನ, ಒಳಗೆ ಹೋಗಿ ಕೆಲಸ ತೋರಿಸಲು ಇನ್ನೆರಡು ತಿಂಗಳು. ಅಷ್ಟು ದಿನ ಕಾಯಲಾರದವರಿಗೆ ಗೂಡು ಕೊಟ್ಟರೆ ಕಾಯಬಲ್ಲವರ ಪಾಲು ಹೋದಂತೆ. ಹಾಗಾಗಿ ಸಮಿತಿ ಒಂದು ಗೆರೆ ಎಳೆದಿತ್ತು: 'ಅವಧಿ' ಕನಿಷ್ಠ ನೂರಿಪ್ಪತ್ತು ದಿನ ಹೇಳಿದರೆ ಗೂಡು, ಇಲ್ಲವಾದರೆ ಇಲ್ಲ.

ದಾಕ್ಷಾಯಿಣಿಯವರಿಗೆ ಅದು ಹೇಳಿದ್ದು ನೂರಾಹನ್ನೊಂದು.

ಐವತ್ತೇಳು ವರ್ಷದ ಗಟ್ಟಿ ಮೈಕಟ್ಟಿನ ಹೆಂಗಸು. ರೋಗ ಆಗಲೇ ಕೆನ್ನೆಯ ಮಾಂಸ ಇಳಿಸಿತ್ತು. ರೈಲ್ವೆ ವರ್ಕ್‌ಶಾಪಿನಲ್ಲಿ ಗಾಲಿಗಳ ಅಚ್ಚು ಪರೀಕ್ಷಿಸುವುದು ಅವರ ಕೆಲಸ. ಅಚ್ಚಿನ ತುದಿಗೆ ಯಂತ್ರದ ಮೂತಿಯಿಟ್ಟು ಒಳಗೆ ಶಬ್ದ ಕಳಿಸುತ್ತಾರೆ. ಕಿವಿಗೆ ಕೇಳದ ಶಬ್ದ ಅದು. ಉಕ್ಕಿನೊಳಗೆ ಬಿರುಕಿದ್ದರೆ ಅದಕ್ಕೆ ತಾಗಿ ವಾಪಸು ಬರುತ್ತದೆ. ಮೂವತ್ತು ವರ್ಷ ಅದನ್ನೇ ಮಾಡಿದವರು.

"ಅವಿವಾಹಿತೆ, ಹದಿನಾಲ್ಕು ದಿನ ಕಡಿಮಿ," ಎಂದು ಪರದೆಯ ಸಾಲನ್ನು ಗಟ್ಟಿಯಾಗಿ ಓದಿದರು. "ಲಗ್ನಾ ಆಗಿದ್ರ ನೂರಾ ಇಪ್ಪತ್ತೈದ ಆಗ್ತಿತ್ತು ಅಂದ್ರಿ?"

"ಲೆಕ್ಕ ಹಾಗೆ ಹೇಳುತ್ತೆ ಮೇಡಂ. ಮದುವೆಯಾದವರು ಸ್ವಲ್ಪ ಹೆಚ್ಚು ದಿನ ಬದುಕಿದ್ದಾರೆ. ಎಲ್ಲ ದೇಶದ ದಾಖಲೆಗಳಲ್ಲೂ ಅದು ಕಾಣುತ್ತೆ."

"ಕಾಣತೈತಿ ಖರೆ. ಏನದು ಕಾಣೂದು?" ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನೋಡ್ರಿ ಸರ, ನಮ್ಮ ಮಷೀನಿನ್ಯಾಗೂ ಹಿಂಗ ಒಂದು ಗೆರಿ ಏಳತೈತಿ. ಹೊಸದಾಗಿ ಬಂದಾವ್ರು ಬಿರುಕು ಅಂತ ಬರದು ಒಳ್ಳೆ ಅಚ್ಚು ಗುಜರಿಗಿ ಹಾಕ್ತಾರ. ಬಿರುಕಲ್ಲದು. ಗಾಲಿ ಕೂಡಿಸಿದ ಅಂಚು ಇರತೈತಲ್ಲ, ಅದಕ್ಕ ಬಡದು ಬಂದ ಸಪ್ಪಳ. ಗೆರಿ ಸುಳ್ಳಲ್ಲ, ಹೆಸರು ಸುಳ್ಳು. ನಿಮ್ಮ ಹದಿನಾಲ್ಕು ದಿನಾ ಯಾವುದಕ್ಕ ಬಡದು ಬರಾಕತ್ತಾವ, ನೋಡೀರೇನ?"

ನೋಡಿರಲಿಲ್ಲ. ನಿಜವನ್ನೇ ಹೇಳಿದೆ.

"ನೋಡ್ರಿ ಹಂಗಾರ," ಎಂದು ಎದ್ದರು. "ನನಗ ನೂರಾಹನ್ನೊಂದು ದಿನಾ ಐತೆಲ್ಲ, ಅಷ್ಟರಾಗ ನೋಡ್ರಿ."

ಆ ವಾರವೇ ಅವರಿಗೆ ಮೊದಲ ಕಿಮೋ ಆಯಿತು. ನಾನು ಹಳೆಯ ದಾಖಲೆಗಳನ್ನು ತೆಗೆಸಿದೆ.

ಮರು ಭಾನುವಾರ ಕೆಲವು ಪ್ರಶ್ನೆ ಕೇಳಲು ರೈಲ್ವೆ ಕ್ವಾರ್ಟರ್ಸಿನ ಅವರ ಮನೆಗೆ ಹೋದೆ. ಪಕ್ಕದ ಮನೆಯ ಶಾಹೀನ್ ಬೇಪಾರಿ ಒಲೆಯ ಮುಂದೆ ನಿಂತು ಗಂಜಿ ತಿರುವುತ್ತಿದ್ದರು. ವರ್ಕ್‌ಶಾಪಿನ ಕ್ರೇನ್ ನಡೆಸುವ ಹೆಂಗಸು, ದಾಕ್ಷಾಯಿಣಿಯವರಿಗೆ ಇಪ್ಪತ್ತು ವರ್ಷದ ಗೆಳತಿ. ಹೊರಗಿನ ಕೋಣೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಅರವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ವರ್ಕ್‌ಶಾಪಿನ ಗಾಲಿ ವಿಭಾಗದ ಸ್ಟೋರ್ ಕೀಪರ್ ಶಂಕ್ರಪ್ಪ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತಂತೆ. ನನ್ನನ್ನು ಕಂಡದ್ದೇ ಅವರು ಪೀಠಿಕೆಯಿಲ್ಲದೆ ಕೇಳಿದರು:

"ಸರ, ಈಗ ಲಗ್ನಾ ಆದ್ರ ನಡೀತೈತಿ? ರಿಜಿಸ್ಟ್ರಾರ್ ಆಫೀಸಿನ್ಯಾಗ ಸೋಮವಾರ ಅರ್ಜಿ ಕೊಡತೀನಿ. ನನಗೇನ ಅಡ್ಡಿ ಇಲ್ಲ."

ಒಳಗಿನಿಂದ ಶಾಹೀನ್ ನಕ್ಕ ಸದ್ದು ಕೇಳಿತು. ದಾಕ್ಷಾಯಿಣಿ ನಗಲಿಲ್ಲ. "ಶಂಕ್ರಪ್ಪ, ನಿನ್ನ ಮನಸು ದೊಡ್ಡದು," ಎಂದರು ಮೆತ್ತಗೆ. "ಆದ್ರ ಇಷ್ಟು ವರ್ಷ ಒಲ್ಲೆ ಅಂದಾಕಿ, ಒಂದು ಮಷೀನ್ ಹೇಳಿತಂತ ಹೂಂ ಅನ್ನಲೇನ? ಚಾ ಕುಡಿ."

ಶಂಕ್ರಪ್ಪ ಚಹಾ ಕುಡಿದು, ಹಗುರಾದವರಂತೆ ಎದ್ದುಹೋದರು. ನಾನು ನನ್ನ ಪ್ರಶ್ನೆಗಳನ್ನು ಕೇಳಿದೆ. ಜ್ವರ ಬಂದರೆ ಯಾರಿಗೆ ಗೊತ್ತಾಗುತ್ತದೆ? ಊಟ ಬಿಟ್ಟರೆ ಯಾರು ನೋಡುತ್ತಾರೆ? "ಗ್ವಾಡಿ ಆಚೆ ಇಕಿ ಇದ್ದಾಳಲ್ಲ," ಎಂದು ಶಾಹೀನರ ಕಡೆ ಕೈತೋರಿಸಿದರು. ನಾನು ಖುಷಿಯಿಂದ ಬರೆದುಕೊಂಡೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹದಿನೈದು ವರ್ಷಗಳ, ಎರಡು ಸಾವಿರದ ಮುನ್ನೂರು ರೋಗಿಗಳ ಕೇಸ್ ಷೀಟುಗಳಿದ್ದವು. 'ಅವಧಿ'ಗೆ ನಾವು ತಿನ್ನಿಸಿದ್ದು ಅವುಗಳ ಮೊದಲ ಪುಟ ಮಾತ್ರ. ಒಳಪುಟಗಳಲ್ಲಿ ನರ್ಸುಗಳು ಕೈಯಿಂದ ಗೀಚಿದ ಟಿಪ್ಪಣಿಗಳಿದ್ದವು: 'ಜ್ವರ ನಿನ್ನೆ ಬೆಳಿಗ್ಗೆಯಿಂದ, ಇವತ್ತು ಸಂಜೆ ಕರೆತಂದರು.' 'ನಾಲ್ಕು ದಿನದಿಂದ ಊಟವಿಲ್ಲ, ಹೇಳಿರಲಿಲ್ಲ.' ಒಂಬತ್ತು ದಿನ ಅವನ್ನೇ ಓದಿದೆ. ಜ್ವರ ಶುರುವಾದ ಹೊತ್ತು, ಬಾಗಿಲಿಗೆ ಬಂದ ಹೊತ್ತು, ಎರಡರ ನಡುವಿನ ತಾಸುಗಳನ್ನು ಬೇರೊಂದು ಅಂಕಣದಲ್ಲಿ ತುಂಬಿದೆ.

ಮೊದಲು ಕಣ್ಣಿಗೆ ಬಿದ್ದವರು ಗಂಡಂದಿರು ದೂರದೂರಿನಲ್ಲಿದ್ದ ಹೆಂಗಸರು. ಕಾಗದದಲ್ಲಿ ವಿವಾಹಿತರು, ಬದುಕಿದ ದಿನಗಳು ಮಾತ್ರ ಅವಿವಾಹಿತರಷ್ಟೇ. ಆಮೇಲೆ ಅಕ್ಕತಂಗಿಯರ ಜೊತೆಗಿದ್ದ ವಿಧವೆಯರು ಸಿಕ್ಕರು, ಮದುವೆಯಾದವರಿಗಿಂತಲೂ ಹೆಚ್ಚು ದಿನ ಬದುಕಿದವರು. ಹೊಸ ಅಂಕಣವನ್ನು ಲೆಕ್ಕಕ್ಕೆ ಸೇರಿಸಿದಾಗ ಮದುವೆಯ ಹದಿನಾಲ್ಕು ದಿನ ಬಿಸಿಲಿಗಿಟ್ಟ ಮಂಜುಗಡ್ಡೆಯಂತೆ ಕರಗಿ ಸೊನ್ನೆಯಾಯಿತು. ತಾಳಿ, ಉಂಗುರಗಳನ್ನು ಗಣಕ ಅಳೆದಿರಲೇ ಇಲ್ಲ. ಕಿಮೋ ನಂತರ ರಕ್ತದ ಬಿಳಿಕಣಗಳು ಕುಸಿದಿರುತ್ತವೆ. ಆಗ ಬರುವ ಜ್ವರಕ್ಕೆ ಮೊದಲ ಕೆಲವು ತಾಸಿನಲ್ಲಿ ಮದ್ದು ಬೀಳಬೇಕು. ಮೈ ಮುಟ್ಟಿ ನೋಡಿ 'ನಡೀ ಆಸ್ಪತ್ರೆಗೆ' ಎನ್ನುವವರು ಇದ್ದಾರೋ ಇಲ್ಲವೋ ಎಂಬುದನ್ನೇ ಅದು ಇಷ್ಟು ವರ್ಷ ಮದುವೆ ಎಂಬ ಹೆಸರಿನಲ್ಲಿ ಹೇಳುತ್ತಿತ್ತು.

ಕಾಗದ ಹಿಡಿದು ಸಮಿತಿಯ ಮುಖ್ಯಸ್ಥೆ ಡಾ. ಸುಮಂಗಲಾ ಹೆಬಸೂರರ ಕೋಣೆಗೆ ಹೆಚ್ಚುಕಡಿಮೆ ಓಡಿದೆ. ಧಾರವಾಡದವರು, ಮಾತು ಕಡಿಮೆ. ಪೂರ್ತಿ ಓದಿ ಕನ್ನಡಕ ತೆಗೆದರು.

"ಛಲೋ ಕೆಲಸಾ ಮಾಡೀರಿ. ಈ ಅಂಕಣದಾಗ ಬಡಿಗೇರ ಅವರದು ಎಷ್ಟು ತಾಸು?"

"ಇನ್ನೂ ಜ್ವರ ಬಂದಿಲ್ಲ. ಆದರೆ ಮನೆ ಮೂರು ಕಿಲೋಮೀಟರ್, ಪಕ್ಕದಲ್ಲೇ ಗೆಳತಿ. ಒಂದೆರಡು ತಾಸು ಅಂತ ಹಾಕಬಹುದು."

"ಹಾಕಬಹುದು ಅನ್ನೂದಲ್ಲ ಪ್ರಸಾದ್. ಬರಲಿ, ನೋಡೋಣ."

ಎರಡು ದಿನದ ಮೇಲೆ ಮಧ್ಯಾಹ್ನ ಶಾಹೀನ್ ಆಟೋದಲ್ಲಿ ದಾಕ್ಷಾಯಿಣಿಯವರನ್ನು ತಂದರು. ಜ್ವರ ನೂರಾ ಮೂರು, ರಕ್ತದೊತ್ತಡ ಕುಸಿದು ತುಟಿ ನೀಲಿಗಟ್ಟಿತ್ತು. ಜ್ವರ ಶುರುವಾಗಿ ಮೂವತ್ತೊಂದು ತಾಸಾಗಿತ್ತು.

ಐಸಿಯುನಲ್ಲಿ ನಾಲ್ಕು ದಿನ ಹೋರಾಡಿ ಉಳಿದರು. ನನ್ನ ಹೊಸ ಲೆಕ್ಕಕ್ಕೆ ಮೂವತ್ತೊಂದು ತಾಸು ತುಂಬಿದೆ. ಮದುವೆಯ ಸಾಲನ್ನು ನಾನೇ ಅಳಿಸಿದ್ದೆ, ಆದರೂ ಉತ್ತರ ನೂರಾನಾಲ್ಕಕ್ಕೆ ಇಳಿಯಿತು. ಹಳೆಯ ಲೆಕ್ಕಕ್ಕಿಂತ ಏಳು ದಿನ ಕಡಿಮೆ.

ವಾರ್ಡಿಗೆ ಹೋದಾಗ ಶಾಹೀನ್ ಮಂಚದ ಪಕ್ಕ ನಿಂತಿದ್ದರು. ಕೋಪ ಇನ್ನೂ ಇಳಿದಿರಲಿಲ್ಲ.

"ಕೇಳ್ರಿ ಸರ, ನೀವೇ ಕೇಳ್ರಿ! ನಡುವ ಒಂದು ಗ್ವಾಡಿ ಐತಿ. ಬಡದಿದ್ರ ಸಾಕಿತ್ತು. ನನ್ನ ಮಗಳ ನಿಶ್ಚಿತಾರ್ಥ ಇತ್ತಂತ ಸುಮ್ಮನ ಬಿದ್ದುಕೊಂಡಿದ್ಲು. ನಾ ಬಿರ್ಯಾನಿ ಕೊಡಾಕ ಹೋಗಿದ್ದಿಲ್ಲ ಅಂದ್ರ ಇಕಿ ಹೆಣಾನ ನೋಡ್ತಿದ್ದೆ!"

"ಖುಷಿ ದಿನಾ ಯಾಕ ಕೆಡಸಬೇಕು ಅಂತ," ಎಂದರು ದಾಕ್ಷಾಯಿಣಿ. "ರೂಢಿ ಇಲ್ರಿ ಸರ. ಅವ್ವನ್ನ ಹನ್ನೆರಡು ವರ್ಷ ನಾನ ನೋಡಿಕೊಂಡೆ. ಯಾರನ್ನೂ ಕರೀಲಿಲ್ಲ. ಕರಿಯೂದು ಹೆಂಗಂತ ಮರತ ಹೋಗೇತಿ."

ಆಮೇಲೆ ಅವರೇ ಕೇಳಿದರು: "ಲೆಕ್ಕ ಏನಾತು?"

ಹೇಳಿದೆ. ಮದುವೆಯ ಹದಿನಾಲ್ಕು ದಿನ ಕರಗಿದ್ದನ್ನೂ, ಈ ಮೂವತ್ತೊಂದು ತಾಸು ಅದಕ್ಕಿಂತ ಹೆಚ್ಚು ತಿಂದದ್ದನ್ನೂ. ಮುಚ್ಚಿಡಬೇಕು ಅನ್ನಿಸಿತ್ತು, ಆದರೆ ಆ ಹೆಂಗಸಿನ ಮುಂದೆ ಅದು ಆಗುವ ಮಾತಾಗಿರಲಿಲ್ಲ.

ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಅಂಚಿನ ಸಪ್ಪಳ ಅಲ್ಲ ಹಂಗಾರ. ಬಿರುಕು."

"ಹೌದು. ಆದರೆ ವಯಸ್ಸಿನ ಹಾಗಲ್ಲ ಇದು. ವಯಸ್ಸನ್ನು ತಿದ್ದಕ್ಕಾಗಲ್ಲ, ಇದನ್ನ ತಿದ್ದಬಹುದು."

ಅವರು ತಲೆದಿಂಬಿನ ಕೆಳಗಿನಿಂದ ಮನೆಯ ಬೀಗದ ಕೈ ತೆಗೆದು ಶಾಹೀನರ ಕಡೆ ಚಾಚಿದರು. ಶಾಹೀನ್ ಅದನ್ನು ಕಸಿದುಕೊಂಡು ಸೆರಗಿಗೆ ಕಟ್ಟಿ, ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಡಾಕ್ಟರ್ ಹೆಬಸೂರ ಒಂದು ಮಾತು ಒಪ್ಪಿದರು. ಎರಡನೇ ಕಿಮೋದಲ್ಲಿ ಏನಾಗುತ್ತದೋ ಅದನ್ನೇ ಲೆಕ್ಕಕ್ಕೆ ಹಿಡಿಯುವುದು. ಇನ್ನೊಂದು ಅವಕಾಶ ಇಲ್ಲ. ವರ್ಕ್‌ಶಾಪಿನ ಗಾಲಿ ವಿಭಾಗದ ಐದು ಜನ ಪಾಳಿ ಹಂಚಿಕೊಂಡರು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಒಬ್ಬರು ಫೋನ್ ಮಾಡುವುದು. 'ಹೆಂಗದೀರಿ' ಎಂದು ಕೇಳಬಾರದು ಎಂಬ ನಿಯಮವನ್ನು ಮಾಡಿದ್ದು ದಾಕ್ಷಾಯಿಣಿಯವರೇ. ಕೇಳಿದರೆ ತಾನು ಆರಾಮ ಎಂದೇ ಅನ್ನುತ್ತೇನೆಂದು ಅವರಿಗೆ ಗೊತ್ತಿತ್ತು. ಥರ್ಮಾಮೀಟರಿನ ಸಂಖ್ಯೆ ಕೇಳಬೇಕು, ತಿಂದ ಇಡ್ಲಿಯ ಸಂಖ್ಯೆ ಕೇಳಬೇಕು. ಮೊದಲ ವಾರ ಅವರಿಗೆ ಅದು ಕಿಮೋಗಿಂತ ಕಷ್ಟವಾಯಿತೆಂದು ಶಾಹೀನ್ ನನಗೆ ಹೇಳಿದರು. ಶಂಕ್ರಪ್ಪನ ಪಾಳಿಯಲ್ಲಿ ಒಮ್ಮೆ "ಎರಡು" ಎಂದು ಸುಳ್ಳು ಹೇಳಿ, ಐದು ನಿಮಿಷದ ನಂತರ ತಾವೇ ತಿರುಗಿ ಫೋನ್ ಮಾಡಿ "ಅರ್ಧ" ಎಂದರಂತೆ.

ಎರಡನೇ ಕಿಮೋದ ಒಂಬತ್ತನೇ ದಿನ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಪಾಳಿಯ ಫೋನಿಗೆ ಇನ್ನೂ ನಾಲ್ಕು ತಾಸಿತ್ತು. ದಾಕ್ಷಾಯಿಣಿಯವರಿಗೆ ಬೆನ್ನಿನಲ್ಲಿ ಚಳಿ ಹತ್ತಿದಂತಾಯಿತು. ನೋಡಿಕೊಂಡರೆ ನೂರಾ ಪಾಯಿಂಟ್ ಆರು. ಶಾಹೀನ್ ಕ್ರೇನಿನ ಮೇಲಿದ್ದರು, ಕೊಂಡಿಯಲ್ಲಿ ಒಂದು ಬೋಗಿಯ ಚೌಕಟ್ಟು ನೇತಾಡುತ್ತಿತ್ತು. ಫೋನ್ ತೆಗೆದರೆ ಆ ಕಡೆಯಿಂದ ಬಂದದ್ದು ಎರಡೇ ಮಾತು:

"ಶಾಹೀನ್, ಬಾ."

ಚೌಕಟ್ಟನ್ನು ನೆಲಕ್ಕಿಳಿಸಿ, ಕ್ರೇನನ್ನು ಇನ್ನೊಬ್ಬರ ಕೈಗೆ ಕೊಟ್ಟು ಶಾಹೀನ್ ಹೊರಟರು. ಹತ್ತು ಐವತ್ತೈದಕ್ಕೆ ದಾಕ್ಷಾಯಿಣಿಯವರ ಕೈಗೆ ಸೂಜಿ ಬಿತ್ತು. ಮುಕ್ಕಾಲು ತಾಸು. ಮರುದಿನ ಜ್ವರ ಇಳಿಯಿತು. ಐಸಿಯು ಬೇಕಾಗಲಿಲ್ಲ, ಮುಂದಿನ ಕಿಮೋ ಒಂದು ದಿನವೂ ಮುಂದೆ ಹೋಗಲಿಲ್ಲ. ಗಂಟುಗಳೂ ಕಿಮೋಗೆ ಒಂದಿಷ್ಟು ಬಗ್ಗಿದ್ದವು. ಹೊಸ ಲೆಕ್ಕ ಹೇಳಿತು: ನೂರಾ ಇಪ್ಪತ್ತೆಂಟು.

ಸಮಿತಿ ಗೂಡು ಕೊಟ್ಟಿತು. ಸುದ್ದಿ ಹೇಳಲು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಯಾರದು ಹಿಂದ ಸರೀತು?"

"ಒಬ್ಬರದು. ಒಂಬತ್ತು ದಿನ ಕಾಯಬೇಕು. ಕಾಯುವಷ್ಟು ಶಕ್ತಿ ಅವರಿಗಿದೆ ಅಂತ ಡಾಕ್ಟರ್ ನೋಡಿದ್ದಾರೆ."

"ಒಂಬತ್ತು ದಿನಾ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬೇಡ ಎನ್ನಲಿಲ್ಲ. ಬದುಕುವ ಆಸೆಯನ್ನು ಅವರು ಯಾರಿಂದಲೂ ಬಚ್ಚಿಟ್ಟವರಲ್ಲ.

ನಲವತ್ತೆರಡು ದಿನ ಮೂರನೇ ಗೂಡಿನ ಮೇಲೆ ಅವರ ಹೆಸರಿತ್ತು. ಏಪ್ರಿಲಿನಲ್ಲಿ ಕಣಗಳನ್ನು ಹರಿಸಿದರು. ಮೂರನೇ ದಿನ ಮೈಯೆಲ್ಲ ಕುದಿಯುವಂಥ ಜ್ವರ ಬಂತು. ಕಣಗಳು ಕೆಲಸಕ್ಕೆ ಇಳಿದದ್ದಕ್ಕೆ ಅದು ಗುರುತು ಎಂದು ಮೊದಲೇ ಹೇಳಿದ್ದರಿಂದ ಅವರು ಹಲ್ಲು ಕಚ್ಚಿ ಸಹಿಸಿದರು. ಜೂನ್ ಕೊನೆಯ ಸ್ಕ್ಯಾನಿನಲ್ಲಿ ಶ್ವಾಸಕೋಶದ ಹನ್ನೊಂದು ಗಂಟುಗಳಲ್ಲಿ ನಾಲ್ಕು ಉಳಿದಿದ್ದವು. ಜಠರದ ಗಂಟು ಅರ್ಧಕ್ಕಿಂತ ಕಡಿಮೆಯಾಗಿತ್ತು.

"ಪೂರ್ತಿ ಹೋಗಿಲ್ಲ," ಎಂದರು ಡಾ. ಹೆಬಸೂರ. "ಹೋಗತದ ಅಂತ ನಾ ಹೇಳಂಗಿಲ್ಲ. ಆದ್ರ ಈ ಚಿತ್ರಾ ನೋಡಿ ನನಗ ಸಂತೋಷ ಆಗೇದ." ಅವರ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದೆ.

ಅಷ್ಟರಲ್ಲಿ ಅರ್ಜಿಯ ನಮೂನೆ ಬದಲಾಗಿತ್ತು. ವೈವಾಹಿಕ ಸ್ಥಿತಿ ಎಂಬ ಕಲಮಿನ ಜಾಗದಲ್ಲಿ 'ಜ್ವರ ಬಂದರೆ ಮೊದಲು ಯಾರಿಗೆ, ಎಷ್ಟು ಹೊತ್ತಿನಲ್ಲಿ ಹೇಳುತ್ತೀರಿ?' ಎಂಬ ಪ್ರಶ್ನೆ ಬಂತು. ಉತ್ತರ ಇಲ್ಲದವರಿಗೆ ಪಾಳಿ ಕಟ್ಟಿಕೊಡುವುದು ಆಸ್ಪತ್ರೆಯ ಕೆಲಸವಾಯಿತು. ಹಳೆಯ ಲೆಕ್ಕ ತಳ್ಳಿಹಾಕಿದ್ದ ಹದಿನೇಳು ಮಂದಿ ಗೆರೆಯ ಮೇಲೆ ಬಂದರು. ಅವರಲ್ಲಿ ಐವರು ಆಗಲೇ ತೀರಿಕೊಂಡಿದ್ದರು. ಆ ಐದು ಹೆಸರು ನನ್ನ ಮೇಜಿನ ಗಾಜಿನ ಕೆಳಗಿವೆ.

ಒಂಬತ್ತು ದಿನ ಕಾದವರು ಕೊಪ್ಪಳದ ವಿರೂಪಾಕ್ಷ ಚಿತ್ರಗಾರ, ಐಟಿಐನಲ್ಲಿ ಫಿಟ್ಟರ್ ಕಲಿಸುವ ನಲವತ್ತೊಂದರ ಶಿಕ್ಷಕ. ಅವರ ಕಣಗಳನ್ನೂ ಹರಿಸಿಯಾಗಿತ್ತು. ಹಳೆಯ ಲೆಕ್ಕದಲ್ಲಿ ಮದುವೆಯ ಹದಿನಾಲ್ಕು ದಿನ ಪುಕ್ಕಟೆ ಪಡೆದವರು ಅವರು. ಹೆಂಡತಿ ಮಸ್ಕತ್ತಿನಲ್ಲಿ ನರ್ಸ್. ಮನೆಯಲ್ಲಿ ಒಬ್ಬರೇ. ಹೊಸ ಪ್ರಶ್ನೆಯ ಮುಂದೆ ಅವರು ಉತ್ತರ ಬರೆಯದೆ ಬರೀ ಅಡ್ಡಗೆರೆ ಎಳೆದಿದ್ದರು. ಕಣ ಹರಿಸುವ ವಾರ್ಡಿನಲ್ಲಿ ಪಕ್ಕದ ಮಂಚದವರಾಗಿ ಪರಿಚಯವಾದ ದಾಕ್ಷಾಯಿಣಿಗೆ, ತನಗಾಗಿ ಕಾದವರು ಇವರೇ ಎಂದು ಅವರ ಮಾತಿನಿಂದಲೇ ತಿಳಿಯಿತು. ಆ ಸಂಜೆಯೇ ಗಾಲಿ ವಿಭಾಗದ ಪಾಳಿಯಲ್ಲಿ ಇನ್ನೊಂದು ನಂಬರು ಸೇರಿತು.

ಜುಲೈಯಲ್ಲಿ ಒಂದು ಬೆಳಿಗ್ಗೆ ದಾಕ್ಷಾಯಿಣಿ ಸ್ಕ್ಯಾನಿಗೆಂದು ಬಂದು ನನ್ನ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಕೂದಲು ಬೆರಳುದ್ದ ಬೆಳೆದಿತ್ತು. ಒಂಬತ್ತು ಗಂಟೆಗೆ ಫೋನ್ ತೆಗೆದು ಒತ್ತಿದರು. ಸ್ಪೀಕರಿನ ಮಾತು ನನಗೂ ಕೇಳುತ್ತಿತ್ತು.

"ವಿರೂಪಾಕ್ಷ, ಎಷ್ಟೈತಿ?"

"ಆರಾಮ ಅದೀನ್ರಿ ಅಕ್ಕಾರ."

"ಆರಾಮ ಕೇಳಲಿಲ್ಲ. ನಂಬರ್ ಕೇಳಿದೆ."

ದಾಕ್ಷಾಯಿಣಿ ಕಾದರು, ಆತುರಪಡಿಸಲಿಲ್ಲ.

"ನೂರಾ ಒಂದ್ರಿ."

"ಎಷ್ಟು ಹೊತ್ತಾತು?"

"ಅರ್ಧ ತಾಸು ಆಗಿರಬೇಕು. ಇವತ್ತು ಹುಡುಗರ ಪ್ರಾಕ್ಟಿಕಲ್ ಐತ್ರಿ, ಮುಗಿಸಿಕೊಂಡು ಸಂಜೀಗೆ..."

"ಪ್ರಾಕ್ಟಿಕಲ್ ನಾಳೆ ಆಗತೈತಿ. ಒಂಬತ್ತೂ ನಲವತ್ತಕ್ಕ ಹುಬ್ಬಳ್ಳಿ ಗಾಡಿ ಕೊಪ್ಪಳದಾಗ ನಿಲ್ಲತೈತಿ. ಚೀಲಾ ತುಂಬಬ್ಯಾಡ, ಬರೇ ಕೈಲೆ ಹತ್ತು. ನಾ ಸ್ಟೇಷನ್ನಿಗೆ ಶಂಕ್ರಪ್ಪನ್ನ ಕಳಸ್ತೀನಿ."

"ನಿಮಗ ಯಾಕ್ರಿ ತ್ರಾಸು..."

"ಹತ್ತತೀಯೋ ಇಲ್ಲೋ?"

"ಹತ್ತತೀನ್ರಿ."

ಅವರು ಫೋನಿಟ್ಟು, ವಾರ್ಡಿನ ನರ್ಸಿಗೆ ಮಂಚವೊಂದನ್ನು ಹಿಡಿದಿಡಲು ಹೇಳಿ ಬಂದರು. ಹನ್ನೊಂದೂವರೆಗೆ ಶಂಕ್ರಪ್ಪನ ಭುಜ ಹಿಡಿದು ವಿರೂಪಾಕ್ಷ ಗೇಟಿನೊಳಗೆ ನಡೆದು ಬಂದರು. ಕೈಯಲ್ಲಿ ಚೀಲವಿರಲಿಲ್ಲ. ಹತ್ತೇ ನಿಮಿಷದಲ್ಲಿ ಸೂಜಿ ಬಿತ್ತು. ನಾನು ಅಂಕಣದಲ್ಲಿ ತುಂಬಿದೆ: ಮೂರು ತಾಸು ಹತ್ತು ನಿಮಿಷ.

"ಬರಕೊಂಡ್ರೇನ?" ಎಂದು ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ಕೇಳಿದರು.

"ಬರಕೊಂಡೆ."

"ಮುಂದಿನ ಸಲ ಇನ್ನೂ ಲಗೂನ ಬರತಾನ ಬಿಡ್ರಿ," ಎಂದು ಹೇಳಿ ಅವರು ತಮ್ಮ ಸ್ಕ್ಯಾನಿಗೆ ಹೋದರು.